ಕೆಡವಿದ ಮೇಲೆ ಕಂಡ ಬೆಟ್ಟ

ಪತ್ರ: ಸಿಯೋಲ್‌ನಲ್ಲಿರುವ ಮಗಳ ಮನೆಗೆ ಹೋಗಿ ಬಂದೆ. ಊರ ನಟ್ಟನಡುವೆ ನಾಮ್‌ಸಾನ್ ಬೆಟ್ಟ, ಅದಕ್ಕೊಂದು ಕೇಬಲ್ ಕಾರು, ತುದಿಯಲ್ಲಿ ಗೋಪುರ. ನಮ್ಮ ಚಾಮುಂಡಿ ಬೆಟ್ಟಕ್ಕೆ ರೋಪ್‌ವೇ ಎಂದರೆ ಸಾಕು, ವಿರೋಧ. ಅವರಿಗೆ ಬಂದದ್ದು ನಮಗೇಕೆ ಬರುವುದಿಲ್ಲ? – ಓದುಗರೊಬ್ಬರು, ಮೈಸೂರು

ಉತ್ತರ: ನಾಮ್‌ಸಾನ್ ಮೇಲೆ ಕಟ್ಟಿದ್ದನ್ನು ನೀವು ನೋಡಿ ಬಂದಿದ್ದೀರಿ. ಅಲ್ಲಿಂದ ತೆಗೆದದ್ದರ ಕಥೆಯನ್ನೂ ಕೇಳಿ.

ಮುನ್ನೂರು ಮೀಟರ್ ಎತ್ತರವೂ ಇಲ್ಲದ ಆ ಬೆಟ್ಟ, 1394ರಲ್ಲಿ ಕೊರಿಯಾದ ಜೋಸನ್ ವಂಶದ ಅರಸರು ಅಲ್ಲಿ ರಾಜಧಾನಿ ಮಾಡಿದಾಗ ಊರಿನ ದಕ್ಷಿಣದ ಅಂಚಿನಲ್ಲಿತ್ತು. ಹೆಸರಿನ ಅರ್ಥವೇ ದಕ್ಷಿಣದ ಬೆಟ್ಟ. ಊರು ಹಾನ್ ನದಿ ದಾಟಿ ಬೆಳೆಯಿತು, ಅಂಚಿನಲ್ಲಿದ್ದದ್ದು ನಡುವಿಗೆ ಬಂತು. ಅಂಥ ಜಾಗವನ್ನು ಅಧಿಕಾರದಲ್ಲಿರುವವರು ಬಿಡುತ್ತಾರೆಯೇ? ಜಪಾನೀಯರು ಆಳುವಾಗ 1925ರಲ್ಲಿ ಅಲ್ಲಿ ತಮ್ಮ ಶಿಂಟೊ ಗುಡಿ ಕಟ್ಟಿಸಿದರು. ಸ್ವಾತಂತ್ರ್ಯದ ನಂತರ ಬುಡದಲ್ಲಿ ಗುಪ್ತಚರ ಸಂಸ್ಥೆ ಬಂದು ಕೂತಿತು. ಯಾರನ್ನಾದರೂ ‘ನಾಮ್‌ಸಾನ್‌ಗೆ ಕರೆದೊಯ್ದರು’ ಎಂದರೆ ಮನೆಮಂದಿ ನಡುಗುತ್ತಿದ್ದ ಕಾಲವದು. ಬೆಟ್ಟವೊಂದರ ಹೆಸರಿಗೆ ಇದಕ್ಕಿಂತ ದೊಡ್ಡ ಅವಮಾನ ಏನಿದ್ದೀತು! 1972ರಲ್ಲಿ ಇಳಿಜಾರಿನ ಮೇಲೆಯೇ ವಿದೇಶಿಯರಿಗಾಗಿ 16 ಮತ್ತು 17 ಮಹಡಿಗಳ ಎರಡು ವಸತಿ ಕಟ್ಟಡಗಳೆದ್ದು ಬೆಟ್ಟವನ್ನು ಮರೆಮಾಡಿದವು.

ರಾಜಧಾನಿಗೆ 600 ವರ್ಷ ತುಂಬಿದ 1994ರ ನವೆಂಬರಿನಲ್ಲಿ ಆ ಎರಡನ್ನೂ ಸ್ಫೋಟಕವಿಟ್ಟು ಉರುಳಿಸಿದರು. ಕಟ್ಟಿ ಬರೀ 22 ವರ್ಷವಾಗಿತ್ತು. ಬೆಟ್ಟ ಮತ್ತೆ ಕಾಣಲಿ ಎಂದೇ ಕೆಡವಿದ್ದು. ಈಗ ಅಲ್ಲಿ ಸಸ್ಯೋದ್ಯಾನವಿದೆ. ಗುಪ್ತಚರರು 1995ರಲ್ಲಿ ಜಾಗ ಖಾಲಿ ಮಾಡಿದರು. ಬುಡದಲ್ಲಿ ಸೇನಾ ಪಡೆಯೊಂದು ಇದ್ದ ನೆಲದ ಮೇಲೆ 1998ರಲ್ಲಿ ಹಳೆಯ ಕಾಲದ ಮನೆಗಳ ಹಳ್ಳಿ ತೆರೆಯಿತು. ಮುಂದಿನವರು ನೋಡಲೆಂದು ಈ ಕಾಲದ ವಸ್ತುಗಳನ್ನು ತುಂಬಿ ಅಲ್ಲಿ ಹೂತಿಟ್ಟಿರುವ ಕಾಲಪೆಟ್ಟಿಗೆಯನ್ನು ತೆರೆಯುವುದು ರಾಜಧಾನಿಗೆ ಸಾವಿರ ವರ್ಷ ತುಂಬುವ 2394ರಲ್ಲಿ. 2005ರಿಂದ ಖಾಸಗಿ ಕಾರುಗಳನ್ನು ಮೇಲಕ್ಕೆ ಬಿಡುತ್ತಿಲ್ಲ.

ನಿಮಗೆ ಮೆಚ್ಚುಗೆಯಾದ ಕೇಬಲ್ ಕಾರು 1962ರದ್ದು, ಬೆಟ್ಟದ ಮೇಲೆ ಏನಾದರೂ ಕಟ್ಟುವುದೇ ಏಳಿಗೆ ಎನಿಸಿದ್ದ ಕಾಲದ್ದು. ಚಾಮುಂಡಿ ಬೆಟ್ಟದ ವಿಷಯದಲ್ಲಿ ನಾನು ವಿರೋಧಿಸಿದವರ ಕಡೆಗಿದ್ದೇನೆ. ಮೆಟ್ಟಿಲು ಹತ್ತಲಾರದ ಹಿರಿಯರ ಕಷ್ಟ ನಿಜ. ಅವರಿಗೆ ಬಸ್ಸುಗಳಿವೆ, ಇನ್ನೂ ಹೆಚ್ಚು ಬಿಡಲಿ. ಕಟ್ಟಿದ್ದನ್ನು ಕೆಡವುವ ಹಣ, ಎದೆಗಾರಿಕೆ ಎರಡೂ ಸಿಯೋಲ್‌ಗಿದ್ದವು. ನಾಳೆ ನಮಗೂ ಇರುತ್ತವೆಂಬ ಧೈರ್ಯ ನನಗಿಲ್ಲ.

ಮಗಳ ಮನೆಗೆ ಮತ್ತೆ ಹೋದಾಗ ಕೇಬಲ್ ಕಾರು ಬಿಟ್ಟು ಆ ಸಸ್ಯೋದ್ಯಾನದ ದಾರಿಯಲ್ಲಿ ನಡೆದು ನೋಡಿ. ಕಂಡದ್ದನ್ನು ಬರೆದು ಕಳಿಸಿ, ನಮ್ಮಲ್ಲಿ ಅದಕ್ಕೊಂದು ಪುಟವಿರುತ್ತದೆ.

– ಸಂ.