ಅಗ್ನಿಶಾಮಕ ನಮ್ಮ ಕೈಯಲ್ಲಿಲ್ಲ ಅಂದರೆ?

ಪ್ರಶ್ನೆ: ಕಳೆದ ಬೇಸಿಗೆಯಲ್ಲಿ ನಮ್ಮ ಓಣಿಯ ಮನೆಯೊಂದಕ್ಕೆ ಬೆಂಕಿ ಬಿತ್ತು. ಅಡ್ಡ ನಿಂತ ಕಾರುಗಳಿಂದಾಗಿ ಅಗ್ನಿಶಾಮಕ ವಾಹನ ಒಳಗೆ ಬರಲಾಗಲಿಲ್ಲ. ವಾರ್ಡ್ ಸದಸ್ಯರನ್ನು ಕೇಳಿದರೆ, ‘ಪೊಲೀಸ್, ಅಗ್ನಿಶಾಮಕ ಎರಡೂ ನಮ್ಮ ಕೈಯಲ್ಲಿಲ್ಲ’ ಎಂದರು. ನಿಜವೇ ಮೇಡಂ?
– ಓದುಗರೊಬ್ಬರು, ಕೊಡಗು

ಉತ್ತರ: ಅರ್ಧ ನಿಜ. ಪೊಲೀಸರು ರಾಜ್ಯದ ಗೃಹ ಇಲಾಖೆಗೆ ಸೇರಿದವರು. ಅಗ್ನಿಶಾಮಕ ಠಾಣೆಯೂ ರಾಜ್ಯದ್ದೇ, 1964ರ ಕಾಯ್ದೆಯಂತೆ ನಡೆಯುತ್ತದೆ. ಸಂವಿಧಾನದ 1992ರ 74ನೇ ತಿದ್ದುಪಡಿ ನಗರಸಭೆ, ಪುರಸಭೆಗಳಿಗೆ ಕೊಡಬಹುದಾದ 18 ಕೆಲಸಗಳ ಪಟ್ಟಿಯಲ್ಲಿ ಅಗ್ನಿಶಾಮಕವನ್ನೂ ಸೇರಿಸಿದೆ. ಆದರೆ ಕೊಡುವುದು, ಬಿಡುವುದು ರಾಜ್ಯದ ಇಷ್ಟ.

ಹಾಗಂತ ನಿಮ್ಮ ಸದಸ್ಯರು ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಓಣಿ ಯಾರದ್ದು? ಬೀದಿದೀಪ ಯಾರದ್ದು? ರಸ್ತೆಗೆ ಚಾಚಿದ ಮೆಟ್ಟಿಲು ತೆಗೆಸುವವರು, ಮನೆ ಕಟ್ಟಲು ಪರವಾನಗಿ ಕೊಡುವವರು ಯಾರು? ಇವೆಲ್ಲ ಸ್ಥಳೀಯ ಸಂಸ್ಥೆಯದ್ದೇ ಅಲ್ವಾ? ನಾನು ಮಡಿಕೇರಿಯ ಇಳಿಜಾರು ಓಣಿಯಲ್ಲಿ ಬೆಳೆದವಳು. ಅಲ್ಲಿ ಒಂದು ಜೀಪು ಅಡ್ಡ ನಿಂತರೂ ಸಾಕು, ಮೇಲಿನ ಮನೆಗಳಿಗೆ ಬೇರೆ ದಾರಿಯೇ ಇರುವುದಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಮೇಲೆ ಈ ಭಯ ನನ್ನಲ್ಲಿ ಇನ್ನೂ ಜಾಸ್ತಿಯಾಗಿದೆ.

ಸುಮ್ನೆ ಬಾಯಿಮಾತಲ್ಲಿ ಕೇಳಬೇಡಿ. ಓಣಿಯ ಅಗಲ ಅಳೆದು, ಫೋಟೋ ಸಮೇತ ಸ್ಥಳೀಯ ಸಂಸ್ಥೆಯ ಮುಖ್ಯಾಧಿಕಾರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಒಂದು ಪ್ರತಿ ಅಗ್ನಿಶಾಮಕ ಠಾಣೆಗೆ, ಇನ್ನೊಂದು ಜಿಲ್ಲಾಧಿಕಾರಿಗೆ. ಜಿಲ್ಲೆಯ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಅವರೇ ಅಧ್ಯಕ್ಷರು. ವಾಹನ ನಿಲುಗಡೆ ನಿಷೇಧದ ಫಲಕ ಬೇಕೆಂದು ಅರ್ಜಿಯಲ್ಲೇ ಸ್ಪಷ್ಟವಾಗಿ ಬರೆಯಿರಿ. ತುರ್ತಿಗೆ 112 ಇದೆ. ಫೋನ್ ಮಾಡಿದ ಕೂಡಲೇ ಒಬ್ಬರು ಓಣಿಯ ಬಾಯಲ್ಲಿ ನಿಂತು ದಾರಿ ಬಿಡಿಸಲಿ.