ಹಳ್ಳಿ ಹುಡುಗರಲ್ಲಿ ನಾಯಕತ್ವ ಬೆಳೆಸೋಕೆ ಎರಡು ದಿನದ ಶಿಬಿರ ಸಾಕಾ?

ಚನ್ನಗಿರಿ ತಾಲ್ಲೂಕಿನ ಹಳ್ಳಿ, 14ರಿಂದ 18ರ ಮಕ್ಕಳು, ಕೈಯಲ್ಲಿ 20,000 ರೂಪಾಯಿ, ಬೆಂಗಳೂರಿಂದ ಯಾವ ಟ್ರೈನರ್ ಕರೆಸಲಿ ಅಂತ ಕೇಳಿದ್ದೀರಿ. ಊರೊಂದು ಬಿಟ್ಟರೆ ಉಳಿದದ್ದೆಲ್ಲ ನನ್ನದೇ ಕಥೆ. ನಂದು ಚಳ್ಳಕೆರೆ ಸೀಮೆ. ನಮ್ಮ ಶಿಬಿರ ಭರ್ಜರಿಯಾಗೇ ಆಯ್ತು: ಟೋಪಿ, ಸರ್ಟಿಫಿಕೇಟು, ಗ್ರೂಪ್ ಫೋಟೋ. ಮುಂದಿನ ಭಾನುವಾರ ಶಾಲೆ ಬೀಗ ತೆಗೆಸಿಕೊಂಡು ಕೂತರೆ ಬಂದೋರು ನಾಲ್ಕೇ ಜನ. ಅದರಲ್ಲಿ ಇಬ್ಬರು ಸರ್ಟಿಫಿಕೇಟಲ್ಲಿ ಹೆಸರು ತಪ್ಪಾಗಿದೆ ಅಂತ ಹೇಳೋಕೆ ಬಂದಿದ್ದರು.

ಅಲ್ಲಿಗೆ ಬುದ್ಧಿ ಬಂತು, ಕೆಲಸ ಕೊಟ್ಟು ಕಲಿಸೋಣ ಅಂತ 11 ಮಕ್ಕಳ ಸಮಿತಿ ಮಾಡಿ ವಾಲಿಬಾಲ್ ಟೂರ್ನಮೆಂಟ್ ವಹಿಸಿದೆ. ದಾರಿ ಸರಿ ಇತ್ತು. ಕೆಡಿಸಿದ್ದು ನಾನೇ, ನಲವತ್ತು ಸೆಕೆಂಡಿನ ಒಂದು ಫೋನಲ್ಲಿ.

ಪಂದ್ಯದ ದಿನ ಬೆಳಗ್ಗೆ ಏಳೂವರೆಗೆ ಗೊತ್ತಾಯ್ತು, ಕುಡಿಯೋ ನೀರಿಗೆ ಯಾರೂ ಹೇಳೇ ಇಲ್ಲ. ಆ ಹೊಣೆ ಹತ್ತನೇ ಕ್ಲಾಸಿನ ಹುಡುಗಿದು. ಮುಖ ಸಪ್ಪಗೆ ಮಾಡಿಕೊಂಡು ದುಪಟ್ಟದ ತುದಿ ಸುತ್ತುತ್ತಾ ನಿಂತಿದ್ದಳು. ನಾನು ಗೊತ್ತಿದ್ದೋರಿಗೆ ಫೋನ್ ಹಚ್ಚಿದೆ, ಮುಕ್ಕಾಲು ಗಂಟೇಲಿ 20 ಲೀಟರಿನ ಎಂಟು ಕ್ಯಾನು ಬಂದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಈಗ ಲೆಕ್ಕ ಹಾಕಿ ನೋಡಿ. ಮೊದಲ ಪಂದ್ಯ ಒಂಬತ್ತೂವರೆಗೆ, ಅಂದರೆ ಎರಡು ಗಂಟೆ ಟೈಮಿತ್ತು. ಶುದ್ಧ ನೀರಿನ ಘಟಕ ಬಸ್ ಸ್ಟ್ಯಾಂಡ್ ಹಿಂದೇನೇ ಇತ್ತು. ಗ್ರೌಂಡಿನ ಬೇವಿನ ಮರಕ್ಕೆ ಆರೇಳು ಸೈಕಲ್ ಒರಗಿಸಿದ್ದರು. ಹತ್ತು ನಿಮಿಷ ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವಳೇ ನಾಲ್ಕು ಹುಡುಗರನ್ನ ಕೂಗಿ ಕಳಿಸುತ್ತಿದ್ದಳು. ಮರೆತದ್ದು ಅವಳ ತಪ್ಪು, ಸರಿ. ಆದರೆ ಮರೆತದ್ದನ್ನ ಸರಿಮಾಡೋದು ಅವಳ ಹಕ್ಕಾಗಿತ್ತು. ಅದನ್ನ ನಾನು ಎಲ್ಲರ ಎದುರಿಗೆ ಕಿತ್ತುಕೊಂಡೆ. ಅವಳಿಗೆ ಉಳಿದದ್ದು ಅವಮಾನ, ನನಗೆ ಸಿಕ್ಕಿದ್ದು ಚಪ್ಪಾಳೆ. ಅವತ್ತು ಸಂಜೆಯಿಂದಲೇ ಶುರುವಾಯ್ತು: "ಅಣ್ಣಾ, ಸುಣ್ಣದ ಪುಡಿ ಎಲ್ಲಿ ಸಿಗುತ್ತೆ?", "ಅಣ್ಣಾ, ಆ ಟೀಮಿನೋರು ಒಬ್ಬರು ಕಮ್ಮಿ, ಏನ್ ಮಾಡೋಣ?" ಆ ಹುಡುಗಿ ಮೂರನೇ ಮೀಟಿಂಗಿಗೆ ಬರೋದು ಬಿಟ್ಟಳು. ಮುಂದೆ ನಾನು ಕೆಲಸದ ಮೇಲೆ ನಾಲ್ಕು ತಿಂಗಳು ದಾವಣಗೆರೆಯಲ್ಲಿದ್ದು ವಾಪಸ್ ಬಂದು ನಡಾವಳಿ ಪುಸ್ತಕ ತೆಗೆದರೆ, ಕೊನೇ ಪುಟ ನನ್ನದೇ ಕೈಬರಹ.

ಅದಕ್ಕೇ ಹೇಳ್ತೀನಿ, ಟ್ರೈನರ್ ಬೇಡ. 20,000ವನ್ನು ಒಂದೇ ಸಲ ಸುಡಬೇಡಿ. 1,500 ರೂಪಾಯಿ ತೆಗೆದು ಮೊದಲ ಮೂರು ತಿಂಗಳಿಗೆ ಕೊಡಿ, ಉಳಿದದ್ದು ಲೆಕ್ಕ ಸರಿಯಾಗಿ ಬಂದಂಗೆ ಕಂತಿನಲ್ಲಿ. ದುಡ್ಡು ಇಟ್ಟುಕೊಳ್ಳೋ ಮಗು ಬೇರೆ, ಲೆಕ್ಕ ಬರೆಯೋ ಮಗು ಬೇರೆ ಇರಲೇಬೇಕು. ಎರಡನ್ನೂ ಒಬ್ಬನಿಗೇ ಕೊಟ್ಟಾಗ ನಮ್ಮಲ್ಲಿ ಬರೀ 60 ರೂಪಾಯಿ ತಾಳೆ ಆಗಲಿಲ್ಲ. ಮಾತು ಆ ಹುಡುಗನ ಜಾತಿವರೆಗೆ ಹೋಯ್ತು. ಆಮೇಲೆ ಅವನಿಗೆ ಆ ದುಡ್ಡು ಒಂದು ಬಂಡಲ್ ದಾರಕ್ಕೆ ಕೊಟ್ಟಿದ್ದು ನೆನಪಾಯ್ತು, ಆದರೆ ಆಡಿದ ಮಾತು ವಾಪಸ್ ಬರುತ್ತಾ? ಬಿಲ್ ಸಿಗದ ಖರ್ಚಿಗೆ ಚೀಟಿ ಬರೆದು ಇಬ್ಬರ ಸಹಿ ಹಾಕಿಸಿ ಪುಸ್ತಕಕ್ಕೆ ಅಂಟಿಸಲಿ. ಪ್ರತಿ ಮೀಟಿಂಗ್ ಶುರುವಾಗೋದು ಲೆಕ್ಕ ಓದೋದರಿಂದ, ಪ್ರಾರ್ಥನೆಯಿಂದಲ್ಲ.

ಒಂಬತ್ತರಿಂದ ಹನ್ನೆರಡು ಮಕ್ಕಳು ಸಾಕು, ಅರ್ಧದಷ್ಟು ಹೆಣ್ಣುಮಕ್ಕಳಿರಲಿ. ಸಂಜೆ ಆರಕ್ಕೆ ಮೀಟಿಂಗ್ ಇಟ್ಟರೆ ಅವರು ಬರಲ್ಲ. ಭಾನುವಾರ ಹತ್ತಕ್ಕೆ ಇಡಿ, ಮುಕ್ಕಾಲು ಗಂಟೇಲಿ ಮುಗಿಸಿ. ನಮ್ಮ ಕಡೆ ಶೇಂಗಾ ಕೀಳೋ ಟೈಮಲ್ಲಿ ಯಾರೂ ಸಿಗಲ್ಲ. ನಿಮ್ಮ ಕಡೆ ಅಡಿಕೆ ಸುಲಿಯೋ ಕಾಲ, ರಾತ್ರಿಯೆಲ್ಲ ನಿದ್ದೆ ಇರಲ್ಲ. ಆ ವಾರಗಳಲ್ಲಿ ದೊಡ್ಡ ಕೆಲಸ ಇಟ್ಟುಕೊಳ್ಳಬೇಡಿ. ಜಾಗ ಶಾಲೆಯದ್ದೇ ಆಗಲಿ. ಗುಡಿ ಕಟ್ಟೆ ಅಂದರೆ ಕೆಲವು ಕೇರಿ ಮಕ್ಕಳು ಕಾರಣ ಹೇಳದೇ ತಪ್ಪಿಸಿಕೊಳ್ತಾರೆ, ನೀವೂ ಕಾರಣ ಕೇಳಬೇಕಾಗಿಲ್ಲ. ಕುರ್ಚಿ ಬೇಡ, ಎಲ್ಲರೂ ನೆಲದ ಮೇಲೆ.

ಮೊದಲ ದಿನವೇ ನಾಯಕನ ಚುನಾವಣೆ ಮಾಡಬೇಡಿ. ಮಾಡಿದರೆ ಸಾಹುಕಾರರ ಮಗನೋ ಚೆನ್ನಾಗಿ ಭಾಷಣ ಮಾಡೋನೋ ಗೆಲ್ತಾನೆ, ಉಳಿದೋರು ಅವನ ಹಿಂದೆ ನಿಂತು ಬಿಡ್ತಾರೆ. ಒಂದೊಂದು ಕೆಲಸಕ್ಕೆ ಒಬ್ಬೊಬ್ಬರು ಮುಂದಾಳು, ಕೆಲಸ ಮುಗಿದ ಮೇಲೆ ಬದಲಿ. ಎರಡನೇ ಸಲ ವಾಲಿಬಾಲ್ ಕೋರ್ಟ್ ಹಾಕುವಾಗ ಬಾಯೇ ಬಿಡದ ಹುಡುಗನೊಬ್ಬ ಮುಂದೆ ಬಂದ. ಅವರಪ್ಪ ಗಾರೆ ಕೆಲಸದೋರು. ಕೋರ್ಟ್ 18 ಮೀಟರ್ ಉದ್ದ, 9 ಅಗಲ. ಅರ್ಧ ಕೋರ್ಟ್ 9 ಮೀಟರ್ ಚೌಕ. ಹಗ್ಗ ಹಿಡಿದು ಮೂಲೆಯಿಂದ ಮೂಲೆಗೆ ಅಳೆದು, 12 ಮೀಟರ್ 73 ಸೆಂಟಿಮೀಟರ್ ಬರೋವರೆಗೆ ಗೂಟ ಸರಿಸಿದ. ಎರಡು ಕಡೆಯೂ ಅಷ್ಟೇ ಬಂದರೆ ಮೂಲೆಮಟ್ಟ ಸರಿ ಅಂತ. ಭಾಷಣದ ಹುಡುಗ ಸುಮ್ಮನೆ ಹಗ್ಗದ ತುದಿ ಹಿಡಿದಿದ್ದ.

ನಿಮ್ಮೂರಿಗೆ ಮೊದಲ ಕೆಲಸ ಬೀದಿದೀಪ ಆಗಲಿ. ದುಡ್ಡು ಬೇಕಿಲ್ಲ, ಫಲ ಕಣ್ಣಿಗೆ ಕಾಣುತ್ತೆ. ದೊಡ್ಡೋರೊಬ್ಬರನ್ನ ಜೊತೆಗಿಟ್ಟುಕೊಂಡು ಏಳು ಗಂಟೆಗೆ ಬೀದಿ ಸುತ್ತಿ, ಉರಿಯದ ಕಂಬಗಳನ್ನ ನಂಬರ್ ಸಮೇತ ಬರೆದುಕೊಳ್ಳಲಿ. ನಂಬರ್ ಇಲ್ಲದ ಕಂಬಕ್ಕೆ ಯಾರ ಮನೆ ಮುಂದೆ ಅಂತ ಬರೆದರೆ ಸಾಕು. ಅರ್ಜಿ ಎರಡು ಪ್ರತಿ. ಒಂದನ್ನ ಪಂಚಾಯ್ತಿಗೆ ಕೊಟ್ಟು, ಇನ್ನೊಂದರ ಮೇಲೆ ಮೊಹರು, ತಾರೀಖು ಹಾಕಿಸಿಕೊಂಡೇ ಹೊರಡಬೇಕು. ಮಕ್ಕಳು ಇಲ್ಲೇ ಎಡವೋದು: ಒಂದೇ ಪ್ರತಿ ಕೊಟ್ಟು ನಮಸ್ಕಾರ ಹೇಳಿ ಬರ್ತಾರೆ, ಹದಿನೈದು ದಿನ ಬಿಟ್ಟು ಹೋದರೆ ಯಾವ ಅರ್ಜಿ ಅಂತಾರೆ. ಹಂಗೇ ಆಗಲಿ ಬಿಡಿ, ಮುಂದಿನ ಸಲ ತಾವೇ ಮೊಹರು ಕೇಳ್ತಾರೆ. ನೀವು ಪಿಡಿಓಗೆ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗೆ) ಫೋನ್ ಮಾಡಬೇಡಿ. ಮೊಹರಿನ ಪ್ರತಿ ತೋರಿಸಿದರೂ ಪಂಚಾಯ್ತಿ ಬಗ್ಗದಿದ್ದರೆ, ಮಕ್ಕಳ ಮಾತು ಕೇಳೋಕೆ ಅಂತಲೇ ಪಂಚಾಯ್ತಿ ನಡೆಸೋ ಮಕ್ಕಳ ಗ್ರಾಮ ಸಭೆಯಲ್ಲಿ ಎದ್ದು ಕೇಳಲಿ.

ಕೈ ಹಾಕಬೇಕಾದ ಜಾಗ ಇಷ್ಟೇ: ಗಾಯ, ಕರೆಂಟು, ಕೆರೆ-ಬಾವಿ, ಹೆಣ್ಣುಮಕ್ಕಳಿಗೆ ತೊಂದರೆ, ಜಾತಿ ಎತ್ತಿ ಬೈಯೋದು. ಇವಕ್ಕೆ ಒಂದು ಕ್ಷಣವೂ ಕಾಯಬೇಡಿ. ಪೆಂಡಾಲ್, ನೀರಿನ ಏರ್ಪಾಟು, ಮೈಕು, ಬ್ಯಾನರ್‌ನಲ್ಲಿ ಕಾಗುಣಿತ ತಪ್ಪು, ಇವೆಲ್ಲ ಕೆಟ್ಟರೆ ಕೆಡಲಿ.

ಸಂಘ ನೋಂದಣಿ ಈಗಲೇ ಬೇಡ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಕನಿಷ್ಠ ಏಳು ಜನ ಬೇಕು, ಅದೂ ದೊಡ್ಡೋರು. ಪದಾಧಿಕಾರಿಗಳಾಗೋದು ಊರ ಯಜಮಾನರೇ, ಮಕ್ಕಳು ಕುರ್ಚಿ ಜೋಡಿಸ್ತಾರೆ. ಚಂದಾ ಕೂಡ ಮನೆಗೆ ಹತ್ತಿಪ್ಪತ್ತು ರೂಪಾಯಿ ಎತ್ತಲಿ, ಒಬ್ಬರೇ ಐದು ಸಾವಿರ ಕೊಟ್ಟರೆ ಫ್ಲೆಕ್ಸಲ್ಲಿ ಅವರ ಫೋಟೋನೇ ದೊಡ್ಡದಿರುತ್ತೆ.

ಟ್ರೈನರ್‌ಗೆ ಆಗಲೇ ಮುಂಗಡ ಕೊಟ್ಟುಬಿಟ್ಟಿದ್ದರೆ ಮೂರು ತಿಂಗಳು ಮುಂದಕ್ಕೆ ಹಾಕಿ. ಪಂಚಾಯ್ತಿಗೆ ಎರಡು ಸಲ ಅಲೆದು ಬಂದಿರೋ ಮಕ್ಕಳಿಗೆ ಅವರ ಹತ್ತಿರ ಕೇಳೋಕೆ ಏನಾದರೂ ಇರುತ್ತೆ.