ಮೂತ್ರದಲ್ಲಿ ಕೀವಿದೆ, ಕಲ್ಚರ್‌ನಲ್ಲಿ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಯಲ್ಲಿ) ಏನೂ ಬೆಳೆದಿಲ್ಲ: ಇದು ಕ್ಷಯವೇ?

ಇರಬಹುದು, ಆದರೆ ಅದೊಂದೇ ಕಾರಣವಲ್ಲ. ಅರ್ಧಕ್ಕೆ ಬಿಟ್ಟ ಆ್ಯಂಟಿಬಯೋಟಿಕ್, ಕಲ್ಲು, ಲೈಂಗಿಕ ಸಂಪರ್ಕದಿಂದ ಹರಡುವ ಕ್ಲಮೈಡಿಯಾ ಸೋಂಕು ಕೂಡ ಇಂಥದ್ದೇ ರಿಪೋರ್ಟ್ ತರಿಸುತ್ತವೆ. ತಿಂಗಳುಗಟ್ಟಲೆ ಉರಿಮೂತ್ರ, ರಾತ್ರಿ ನಾಲ್ಕೈದು ಸಲ ಏಳುವ ಪಾಡು, ಆಗಾಗ ರಕ್ತ ಕಾಣಿಸುವುದು ಇವೆಲ್ಲ ಸೇರಿದರೆ ಕ್ಷಯದ ಅನುಮಾನ ಬಲವಾಗುತ್ತದೆ. ಕ್ಷಯ ಜನನಾಂಗಗಳಿಗೂ ತಗಲುವುದರಿಂದ ಹೆಂಗಸರಲ್ಲಿ ಮಕ್ಕಳಾಗದಿರುವುದೇ ಮೊದಲ ಸುಳಿವಾಗುವುದೂ ಉಂಟು.

ಮಾಮೂಲಿ ಕಲ್ಚರ್ ಒಂದೆರಡು ದಿನಗಳಲ್ಲಿ ಮುಗಿಯುತ್ತದೆ. ಕ್ಷಯದ ಬ್ಯಾಕ್ಟೀರಿಯಾ ಸೋಮಾರಿ. ಬೆಳೆಯಲು ಬೇರೆಯೇ ಮಾಧ್ಯಮ, ವಾರಗಟ್ಟಲೆ ಸಮಯ ಬೇಕು. ಅದು ಮೂತ್ರದಲ್ಲಿ ಪ್ರತಿದಿನ ಇಳಿದು ಬರುವುದೂ ಇಲ್ಲ. ಅದಕ್ಕೇ 3ರಿಂದ 5 ದಿನ, ಬೆಳಿಗ್ಗೆ ಎದ್ದೊಡನೆಯ ಮೂತ್ರವನ್ನು ಕೇಳುತ್ತಾರೆ. ಕ್ಷಯದ ಬ್ಯಾಕ್ಟೀರಿಯಾದ ಡಿಎನ್ಎ ಹುಡುಕುವ ಸಿಬಿನಾಟ್ ಪರೀಕ್ಷೆ ಕೆಲವೇ ಗಂಟೆಗಳಲ್ಲಿ ಫಲಿತಾಂಶ ಕೊಡುತ್ತದೆ, ಆದರೆ ನೆಗೆಟಿವ್ ಬಂದಮಾತ್ರಕ್ಕೆ ನಿಶ್ಚಿಂತರಾಗಬೇಡಿ. ಅಂಗಡಿಯಿಂದ ನೀವೇ ತಂದು ನುಂಗುವ ಲೆವೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯೋಟಿಕ್ ಮಾತ್ರ ಬೇಡ: ಅದು ಕ್ಷಯವನ್ನು ವಾಸಿ ಮಾಡದೆ ಮರೆಮಾಚುತ್ತದೆ.

ಆಫ್ರಿಕಾದಲ್ಲಿದ್ದು ಅಲ್ಲಿನ ಕೆರೆ, ಹೊಳೆಗಳಿಗೆ ಇಳಿದಿದ್ದರೆ ವೈದ್ಯರಿಗೆ ಹೇಳಿ. ಅಲ್ಲಿನ ನೀರಿನಿಂದ ಮೈಸೇರಿ ಮೂತ್ರಕೋಶಕ್ಕೆ ತೊಂದರೆ ಕೊಡುವ ಶಿಸ್ಟೊಸೋಮಾ ಹುಳುವಿನ ಮೊಟ್ಟೆಗಳು ಹೆಚ್ಚಾಗಿ ಸಿಗುವುದು ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರೊಳಗಿನ ಮೂತ್ರದ ಕೊನೆಯ ಹನಿಗಳಲ್ಲಿ. ಮುಂಜಾನೆಯ ಮಾದರಿ ಇದಕ್ಕೆ ಅಷ್ಟು ಉಪಯೋಗವಿಲ್ಲ. ಮೂತ್ರ ಹಾಲಿನಂತೆ ಬೆಳ್ಳಗಿದ್ದರೆ ಆನೆಕಾಲು ರೋಗದ ಹುಳುವಿನ ಮೇಲೆ ಅನುಮಾನ ಪಡಬೇಕು.

ಕ್ಷಯವೇ ಆಗಿದ್ದರೆ ಸಾಮಾನ್ಯವಾಗಿ 6 ತಿಂಗಳ ಮಾತ್ರೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ತಡಮಾಡಿದರೆ ಮೂತ್ರನಾಳ ಕಿರಿದಾಗಿ, ನೋವೇ ಇಲ್ಲದೆ ಒಂದು ಮೂತ್ರಪಿಂಡ ಹೋಗಿಬಿಡಬಹುದು.